ದೇವರ ಆಯ್ಕೆಯೂ ದೇವರ ನ್ಯಾಯವೂ: ಪದೇ ಪದೇ ಕೇಳುವ ಪ್ರಶ್ನೆಗಳು

ದೇವರು ಆರಿಸಿಕೊಳ್ಳುತ್ತಾನೆ ಎಂದು ಬೈಬಲ್ ಹೇಳುತ್ತದೆ. ದೇವರು ಮುಖ ನೋಡಿ ಮಣೆ ಹಾಕುವವನಲ್ಲ ಎಂದೂ ಅದೇ ಬೈಬಲ್ ಹೇಳುತ್ತದೆ. ಎರಡನ್ನೂ ನಂಬುವವರಿಗೆ ಒಂದಲ್ಲ ಒಂದು ದಿನ ತಲೆ ಕೆಡುತ್ತದೆ. ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಬೈಬಲ್ ಅಧ್ಯಯನದ ಕೂಟಗಳಲ್ಲಿ, ಬೇರೆ ಧರ್ಮದ ಗೆಳೆಯರ ಜೊತೆಗಿನ ಮಾತುಕತೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಸಭೆಯ ಇತಿಹಾಸದಲ್ಲಿ ಯಾರು ಏನು ಹೇಳಿದರು ಎಂಬುದನ್ನು ಹೇಳುತ್ತೇನೆ. ನನಗೆ ಯಾವುದು ಸರಿ ಅನ್ನಿಸುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ದೇವರು ಆರಿಸಿಕೊಳ್ಳುವುದು ಅಂದರೆ ಏನು?

ಕಥೆ ಶುರುವಾಗುವುದು ಅಬ್ರಹಾಮನಿಂದ. ಆದಿಕಾಂಡ 12ರಲ್ಲಿ ದೇವರು ಅವನನ್ನು ಕರೆಯುತ್ತಾನೆ, ಆಶೀರ್ವದಿಸುತ್ತೇನೆ ಎನ್ನುತ್ತಾನೆ. ಮಾತು ಅಲ್ಲಿಗೆ ನಿಲ್ಲುವುದಿಲ್ಲ. ನಿನ್ನ ಮೂಲಕ ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ ಸಿಗಬೇಕು ಎನ್ನುತ್ತಾನೆ. ಒಬ್ಬನನ್ನು ಆರಿಸಿಕೊಂಡದ್ದು ಉಳಿದವರನ್ನು ಬಿಡುವುದಕ್ಕಲ್ಲ, ಉಳಿದವರ ಹತ್ತಿರ ಹೋಗುವುದಕ್ಕೆ. ಇದನ್ನು ಮರೆತರೆ ಮುಂದಿನದೆಲ್ಲ ಅಡ್ಡದಾರಿ ಹಿಡಿಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಸ್ರಾಯೇಲ್ ಜನಾಂಗದ ವಿಷಯವೂ ಹಾಗೇ. ನೀವು ದೊಡ್ಡ ಜನಾಂಗ ಅಂತ ಆರಿಸಿಕೊಳ್ಳಲಿಲ್ಲ, ನೀವು ಎಲ್ಲರಿಗಿಂತ ಚಿಕ್ಕವರು, ಪ್ರೀತಿಸಿದ್ದರಿಂದಲೇ ಆರಿಸಿಕೊಂಡೆ ಎಂದು ಧರ್ಮೋಪದೇಶಕಾಂಡ 7 ಹೇಳುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಪೌಲ ಇದೇ ಮಾತನ್ನು ಸಭೆಗೆ ಹೇಳುತ್ತಾನೆ: ದೇವರು ಲೋಕದ ಬಲಹೀನರನ್ನು, ಹೀನ ಅನ್ನಿಸಿಕೊಂಡವರನ್ನು, ಲೆಕ್ಕಕ್ಕೇ ಇಲ್ಲದವರನ್ನು ಆರಿಸಿಕೊಂಡ. ಊರ ಹೊರಗೆ ಇಡಲಾದ ಮನೆತನಗಳಿಂದ ಬಂದ ನಮ್ಮ ಎಷ್ಟೋ ಸಭೆಗಳಲ್ಲಿ ಈ ವಾಕ್ಯ ಓದಿದಾಗ ಕೇಳುವವರ ಕಿವಿಯೇ ಬೇರೆ.

ಇನ್ನೊಂದು ಬಗೆಯ ಮಾತೂ ಇದೆ. ಲೋಕ ಹುಟ್ಟುವ ಮೊದಲೇ ದೇವರು ನಮ್ಮನ್ನು ಕ್ರಿಸ್ತನಲ್ಲಿ ಆರಿಸಿಕೊಂಡ ಎಂದು ಎಫೆಸದವರಿಗೆ ಬರೆದ ಪತ್ರಿಕೆ ಹೇಳುತ್ತದೆ. ಇಲ್ಲಿರುವುದು ಕೆಲಸದ ಮಾತಷ್ಟೇ ಅಲ್ಲ, ರಕ್ಷಣೆಯ ಮಾತು. ಸಭೆಯೊಳಗೆ ಶತಮಾನಗಳ ಕಾಲ ನಡೆದ ಜಗಳವೆಲ್ಲ ಇದರ ಸುತ್ತಲೇ.

ಹಾಗಾದರೆ ಇದು ಪಕ್ಷಪಾತ ಅಲ್ವಾ?

ಈ ಪ್ರಶ್ನೆ ಕೇಳಿದ್ದಕ್ಕೆ ಯಾರಾದರೂ ನಿಮ್ಮನ್ನು ನಂಬಿಕೆಯಿಲ್ಲದವರು ಅಂದರೆ ಬೇಸರ ಮಾಡಿಕೊಳ್ಳಬೇಡಿ. ಇದನ್ನು ಕೇಳಿದವನು ಪೌಲನೇ. ರೋಮಾಪುರದವರಿಗೆ ಬರೆದ ಪತ್ರಿಕೆ 9ರಲ್ಲಿ ರೆಬೆಕ್ಕಳ ಹೊಟ್ಟೆಯಲ್ಲಿದ್ದ ಅವಳಿ ಮಕ್ಕಳಾದ ಏಸಾವ, ಯಾಕೋಬರ ವಿಷಯ ಬರುತ್ತದೆ. ಅವರು ಇನ್ನೂ ಹುಟ್ಟಿರಲಿಲ್ಲ, ಒಳ್ಳೇದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡಿರಲಿಲ್ಲ. ಆಗಲೇ ದೊಡ್ಡವನು ಚಿಕ್ಕವನಿಗೆ ಸೇವೆ ಮಾಡುವನು ಎಂಬ ಮಾತು ಬಂತು. ಇದನ್ನು ಹೇಳಿದ ಕೂಡಲೇ ಪೌಲ ಕೇಳುತ್ತಾನೆ: ಹಾಗಾದರೆ ದೇವರಲ್ಲಿ ಅನ್ಯಾಯ ಉಂಟೋ? ಖಂಡಿತ ಇಲ್ಲ ಎಂದು ಅವನೇ ಉತ್ತರ ಕೊಡುತ್ತಾನೆ. ಆದರೆ ಆ ಉತ್ತರ ಬಿಚ್ಚಿಕೊಳ್ಳಲು ಮೂರು ಅಧ್ಯಾಯ ಬೇಕಾಗುತ್ತದೆ.

ತೊಂದರೆ ಏನೆಂದರೆ, ಹೆಚ್ಚಿನವರು 9ರಲ್ಲೇ ಪುಸ್ತಕ ಮುಚ್ಚುತ್ತಾರೆ. 10ರಲ್ಲಿ ಕರ್ತನ ಹೆಸರು ಹೇಳಿ ಕೂಗುವ ಎಲ್ಲರಿಗೂ ರಕ್ಷಣೆ ಎಂದಿದೆ. ಅವಿಧೇಯರಾದ ಜನರ ಕಡೆಗೆ ದೇವರು ದಿನವೆಲ್ಲ ಕೈಚಾಚಿ ನಿಂತಿದ್ದಾನೆ ಎಂಬ ಯೆಶಾಯನ ಮಾತೂ ಅಲ್ಲೇ ಇದೆ. 11ಕ್ಕೆ ಬಂದರೆ ದೇವರು ಎಲ್ಲರನ್ನೂ ಅವಿಧೇಯತೆಗೆ ಒಪ್ಪಿಸಿದ್ದು ಎಲ್ಲರಿಗೂ ಕರುಣೆ ತೋರಿಸುವುದಕ್ಕೆ ಎನ್ನುತ್ತಾನೆ. 9ನೇ ಅಧ್ಯಾಯವನ್ನು ಒಂಟಿಯಾಗಿ ಓದಿದವರಿಗೆ ಸಿಗುವ ದೇವರೇ ಬೇರೆ, ಮೂರನ್ನೂ ಸೇರಿಸಿ ಓದಿದವರಿಗೆ ಸಿಗುವ ದೇವರೇ ಬೇರೆ.

“ಯಾಕೋಬನನ್ನು ಪ್ರೀತಿಸಿದೆ, ಏಸಾವನನ್ನು ದ್ವೇಷಿಸಿದೆ” ಅಂತ ಇದೆಯಲ್ಲ?

ಇದೆ. ಪೌಲ ಇದನ್ನು ತೆಗೆದುಕೊಂಡದ್ದು ಮಲಾಕಿಯನ ಪುಸ್ತಕದಿಂದ. ಆ ಪುಸ್ತಕ ಬರುವ ಹೊತ್ತಿಗೆ ಯಾಕೋಬ, ಏಸಾವ ಇಬ್ಬರೂ ತೀರಿಕೊಂಡು ಎಷ್ಟೋ ಶತಮಾನ ಕಳೆದಿತ್ತು. ಅಲ್ಲಿ ಮಾತಾಡುತ್ತಿರುವುದು ಇಸ್ರಾಯೇಲ್ ಮತ್ತು ಎದೋಮ್ ಎಂಬ ಎರಡು ಜನಾಂಗಗಳ ಬಗ್ಗೆ. ಮಾತಿನ ಬಿರುಸು ಇದರಿಂದ ಪೂರ್ತಿ ಕಡಿಮೆಯಾಗುವುದಿಲ್ಲ, ನಿಜ.

ಆದರೆ ಏಸಾವ ಎಂಬ ಮನುಷ್ಯನಿಗೆ ಏನಾಯಿತು ಎಂದು ಆದಿಕಾಂಡ 33ರಲ್ಲಿ ನೋಡಿ. ತಂದೆಯ ಆಶೀರ್ವಾದವನ್ನು ಮೋಸದಿಂದ ಕಿತ್ತುಕೊಂಡ ತಮ್ಮ ಹೆದರಿ ನಡುಗುತ್ತಾ ಬರುತ್ತಾನೆ, ಏಳು ಸಲ ನೆಲಕ್ಕೆ ಬಗ್ಗುತ್ತಾನೆ. ಅಣ್ಣ ಓಡಿಬಂದು ತಬ್ಬಿಕೊಂಡು ಮುದ್ದಿಡುತ್ತಾನೆ. ಇಬ್ಬರೂ ಅಳುತ್ತಾರೆ. ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದ ಹಾಗಿದೆ ಎನ್ನುವವನು ಆರಿಸಿಕೊಳ್ಳಲಾದ ಯಾಕೋಬ. ಹಾಗೆ ಅನ್ನಿಸಿಕೊಳ್ಳುವವನು ಏಸಾವ! ಮುಂದೆ ಧರ್ಮೋಪದೇಶಕಾಂಡ 2ರಲ್ಲಿ ದೇವರು, ಸೇಯೀರ್ ಬೆಟ್ಟದ ಸೀಮೆಯನ್ನು ಏಸಾವನಿಗೆ ಕೊಟ್ಟಿದ್ದೇನೆ, ಅದರಲ್ಲಿ ಒಂದು ಹೆಜ್ಜೆಯಷ್ಟು ನೆಲವನ್ನೂ ನಿಮಗೆ ಕೊಡುವುದಿಲ್ಲ ಎಂದು ಇಸ್ರಾಯೇಲರಿಗೆ ಎಚ್ಚರಿಕೆ ಕೊಡುತ್ತಾನೆ. 23ರಲ್ಲಿ, ಎದೋಮ್ಯನನ್ನು ಅಸಹ್ಯಪಡಬೇಡ, ಅವನು ನಿನ್ನ ಸಹೋದರ ಎನ್ನುತ್ತಾನೆ. ವಾಗ್ದಾನದ ವಂಶ ಯಾಕೋಬನಿಂದ ಮುಂದುವರಿಯಿತು. ಅದಕ್ಕಾಗಿ ಏಸಾವನನ್ನು ದೇವರು ನರಕಕ್ಕೆ ತಳ್ಳಿದ ಎಂದು ಬೈಬಲ್ ಎಲ್ಲೂ ಹೇಳುವುದಿಲ್ಲ.

ಫರೋಹನ ಹೃದಯವನ್ನು ದೇವರೇ ಕಠಿಣ ಮಾಡಿ, ಆಮೇಲೆ ಅವನಿಗೇ ಶಿಕ್ಷೆ ಕೊಟ್ಟದ್ದು ಯಾವ ನ್ಯಾಯ?

ವಿಮೋಚನಕಾಂಡವನ್ನು ನಿಧಾನವಾಗಿ, ಒಂದೊಂದು ಉಪದ್ರವಕ್ಕೂ ಪೆನ್ಸಿಲ್ ಗುರುತು ಹಾಕಿಕೊಂಡು ಓದಬೇಕು. ಕಪ್ಪೆಗಳು ಹೋಗಿ ಸ್ವಲ್ಪ ಉಸಿರಾಡಲು ಬಿಡುವು ಸಿಕ್ಕ ಕೂಡಲೇ ಫರೋಹ ತಾನೇ ತನ್ನ ಹೃದಯವನ್ನು ಮೊಂಡು ಮಾಡಿಕೊಂಡ ಎಂದಿದೆ. ಹುಳಗಳು ತೊಲಗಿದಾಗ ಮತ್ತೆ ಅದೇ. ದನಕರುಗಳು ಸತ್ತಾಗಲೂ ಅವನ ಮನಸ್ಸು ಕರಗಲಿಲ್ಲ. ಆರನೆಯ ಉಪದ್ರವವಾದ ಹುಣ್ಣುಗಳ ಹೊತ್ತಿಗೆ ಮೊದಲ ಸಲ, ಯೆಹೋವನು ಫರೋಹನ ಹೃದಯವನ್ನು ಕಠಿಣಪಡಿಸಿದನು ಎಂಬ ಮಾತು ಘಟನೆಯಾಗಿ ಬರುತ್ತದೆ. ಆಮೇಲೆ ಆಲಿಕಲ್ಲಿನ ಮಳೆ ನಿಂತಾಗ ಮತ್ತೆ ಫರೋಹನೇ ಮಾಡಿಕೊಂಡ ಎಂದಿದೆ.

ಇದನ್ನು ನೋಡಿ ಅನೇಕರು, ಅವನು ತಾನೇ ಹಿಡಿದ ಹಟಕ್ಕೆ ದೇವರು ಅವನನ್ನು ಒಪ್ಪಿಸಿಬಿಟ್ಟ ಎನ್ನುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ. ಆದರೆ ಇನ್ನೊಂದು ಕಡೆಯನ್ನೂ ಹೇಳಬೇಕು. ಇದೆಲ್ಲ ಶುರುವಾಗುವ ಮೊದಲೇ, 4ನೇ ಅಧ್ಯಾಯದಲ್ಲಿ, ನಾನು ಅವನ ಹೃದಯವನ್ನು ಕಠಿಣಪಡಿಸುತ್ತೇನೆ ಎಂದು ದೇವರು ಮೋಶೆಗೆ ಹೇಳಿದ್ದಾನೆ. ಹಾಗಾಗಿ ಎಲ್ಲವನ್ನೂ ಫರೋಹನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಬೈಬಲ್ ಎರಡನ್ನೂ ಪಕ್ಕಪಕ್ಕದಲ್ಲಿ ಇಡುತ್ತದೆ.

ಒಂದು ಮಾತು ಮಾತ್ರ ಮರೆಯಬಾರದು. ಇದು ಒಬ್ಬ ಬಡಪಾಯಿಯ ಕಥೆಯಲ್ಲ. ಇಬ್ರಿಯರ ಗಂಡು ಕೂಸುಗಳನ್ನು ನೈಲ್ ನದಿಗೆ ಎಸೆಯಲು ಆಜ್ಞೆ ಕೊಟ್ಟಿದ್ದ ಸಿಂಹಾಸನದ ಮೇಲೆ ಕೂತವನ ಕಥೆ. ಆ ತಾಯಂದಿರ ಕಡೆಯಿಂದ ನೋಡಿದರೆ ನ್ಯಾಯದ ಪ್ರಶ್ನೆ ಬೇರೆಯದೇ ಆಗಿ ಕಾಣುತ್ತದೆ.

ಕುಂಬಾರನ ಕೈಯಲ್ಲಿರುವ ಮಣ್ಣು ಪ್ರಶ್ನೆ ಕೇಳಬಾರದು ಅಂದರೆ ಬಾಯಿ ಮುಚ್ಚಿಸಿದ ಹಾಗಲ್ಲವೇ?

ಕುಂಬಾರನ ಈ ಮಾತು ಪೌಲನದು, ರೋಮಾಪುರದವರಿಗೆ 9ರಲ್ಲೇ ಇದೆ. ಅದರ ಜೊತೆಗೆ ಯೆರೆಮೀಯ 18 ಓದಿ. ಪ್ರವಾದಿ ಕುಂಬಾರನ ಮನೆಗೆ ಹೋಗುತ್ತಾನೆ. ಚಕ್ರದ ಮೇಲಿದ್ದ ಪಾತ್ರೆ ಕೆಟ್ಟುಹೋಗುತ್ತದೆ. ಕುಂಬಾರ ಅದೇ ಮಣ್ಣಿನಿಂದ ಇನ್ನೊಂದು ಪಾತ್ರೆ ಮಾಡುತ್ತಾನೆ. ಒಂದು ಜನಾಂಗ ಕೆಟ್ಟದ್ದನ್ನು ಬಿಟ್ಟು ತಿರುಗಿಕೊಂಡರೆ ಬರಮಾಡಬೇಕೆಂದಿದ್ದ ಕೇಡನ್ನು ನಾನೂ ಬಿಡುತ್ತೇನೆ ಎಂದು ದೇವರು ಅಲ್ಲೇ ಹೇಳುತ್ತಾನೆ. ಪೌಲ ಈ ಪ್ರವಾದಿಗಳನ್ನು ಓದಿ ಬೆಳೆದವನು. ಅವನ ಕುಂಬಾರ, ಮಣ್ಣನ್ನು ಎಸೆದು ಹೋಗುವ ಕುಂಬಾರ ಅಲ್ಲ. ಬಾಯಿ ಮುಚ್ಚಿಸುವುದೇ ದೇವರ ಇಷ್ಟವಾಗಿದ್ದರೆ, ದೇವರನ್ನೇ ಪ್ರಶ್ನಿಸಿದ ಯೋಬನ ಪುಸ್ತಕ ಬೈಬಲಿನಲ್ಲಿ ಇರುತ್ತಲೇ ಇರಲಿಲ್ಲ.

“ಯಾರಿಗೂ ಯೋಗ್ಯತೆ ಇಲ್ಲ, ಆದ್ದರಿಂದ ಅನ್ಯಾಯವೂ ಇಲ್ಲ” ಎಂಬ ಉತ್ತರ ಸಾಕೇ?

ಇದು ಆಗಸ್ಟೀನನ ಉತ್ತರ. ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್, 354ರಿಂದ 430ರವರೆಗೆ ಬದುಕಿದವನು. ಮನುಷ್ಯ ಮನಸ್ಸು ಮಾಡಿದರೆ ತನ್ನ ಪ್ರಯತ್ನದಿಂದಲೇ ಪಾಪವಿಲ್ಲದೆ ಬದುಕಬಹುದು ಎಂದ ಪೆಲಾಜಿಯಸ್ ಜೊತೆ ಅವನಿಗೆ ದೊಡ್ಡ ವಾದ ನಡೆಯಿತು. ಆಗಸ್ಟೀನನ ವಾದ ಸರಳ. ಇಬ್ಬರು ಸಾಲಗಾರರಿದ್ದಾರೆ. ಕೊಟ್ಟವನು ಒಬ್ಬನ ಸಾಲ ಮನ್ನಾ ಮಾಡಿದ, ಇನ್ನೊಬ್ಬನಿಂದ ವಸೂಲಿ ಮಾಡಿದ. ಮನ್ನಾ ಆದವನಿಗೆ ಸಿಕ್ಕಿದ್ದು ಕರುಣೆ, ಕಟ್ಟಿದವನಿಗೆ ಸಿಕ್ಕಿದ್ದು ನ್ಯಾಯ. ಅನ್ಯಾಯ ಯಾರಿಗೂ ಆಗಲಿಲ್ಲ.

ಲೆಕ್ಕದ ಮಟ್ಟಿಗೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ನನ್ನ ರಕ್ಷಣೆ ನನ್ನ ಗಳಿಕೆಯಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದೂ ಕಷ್ಟ. ಆದರೆ ಕೇಳುವವರ ನೋವು ಲೆಕ್ಕದ್ದಲ್ಲ. ಇಬ್ಬರನ್ನೂ ಬಿಡಿಸುವ ಶಕ್ತಿ ಇದ್ದೂ ಒಬ್ಬನನ್ನೇ ಬಿಡಿಸುವ ದೇವರನ್ನು ಪ್ರೀತಿ ಅಂತ ಕರೆಯುವುದು ಹೇಗೆ ಎಂಬುದು ಅವರ ಪ್ರಶ್ನೆ. ನ್ಯಾಯದ ಕಟಕಟೆಯಲ್ಲಿ ಗೆದ್ದ ಉತ್ತರ ಪ್ರೀತಿಯ ಪ್ರಶ್ನೆಗೆ ಉತ್ತರ ಆಗಲೇಬೇಕೆಂದಿಲ್ಲ. ದುಷ್ಟನ ಸಾವಿನಲ್ಲಿ ನನಗೆ ಸಂತೋಷವಿಲ್ಲ ಎನ್ನುವ ಯೆಹೆಜ್ಕೇಲ 33, ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕೆಂಬುದು ದೇವರ ಚಿತ್ತ ಎನ್ನುವ ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ 2, ಇವು ಬೈಬಲಿನ ಅಂಚಿನಲ್ಲಿರುವ ವಾಕ್ಯಗಳಲ್ಲ. ಆಗಸ್ಟೀನನಿಗೆ ಈ ‘ಎಲ್ಲ’ವನ್ನು ‘ಎಲ್ಲ ಬಗೆಯ ಜನ’ ಎಂದು ಚಿಕ್ಕದು ಮಾಡಬೇಕಾಯಿತು. ಅಲ್ಲಿ ನಾನು ಅವನ ಜೊತೆ ಹೋಗಲಾರೆ.

ಯಾರು ನಂಬುತ್ತಾರೆ ಎಂದು ಮೊದಲೇ ಗೊತ್ತಿದ್ದು ದೇವರು ಆರಿಸಿಕೊಂಡ ಅಂದರೆ ಸಮಸ್ಯೆ ಮುಗಿಯಲಿಲ್ಲವೇ?

ತುಂಬ ಜನರಿಗೆ ಇಷ್ಟವಾಗುವ ಉತ್ತರ ಇದು. ಪೂರ್ವದ ಸಭೆಯ ಹಳೆಯ ಗುರುಗಳಲ್ಲಿ ಇದು ಸಾಮಾನ್ಯವಾಗಿತ್ತು. ಆಗಸ್ಟೀನನೂ ಮೊದಲು ಹೀಗೇ ಯೋಚಿಸಿ ಆಮೇಲೆ ಬಿಟ್ಟ. ಡಚ್ ಪಂಡಿತ ಯಾಕೋಬಸ್ ಅರ್ಮಿನಿಯಸ್ ಇದನ್ನು ಮತ್ತೆ ಎತ್ತಿ ಹಿಡಿದ.

ಇದರಲ್ಲಿ ಮನುಷ್ಯನ ಹೊಣೆ ಉಳಿಯುತ್ತದೆ, ಅದು ಒಳ್ಳೆಯದೇ. ಆದರೆ ಕೊನೆಗೆ ನಂಬಿದವನು ತನ್ನ ಪಕ್ಕದವನಿಗಿಂತ ಸ್ವಲ್ಪ ಮೇಲು ಎಂಬ ವಾಸನೆ ಒಳಗೆ ನುಸುಳುತ್ತದೆ. ಅರ್ಮಿನಿಯಸ್ ಇದನ್ನು ತಡೆಯಲೆಂದೇ, ನಂಬುವ ಶಕ್ತಿಯೂ ಮೊದಲು ಕೃಪೆಯಿಂದಲೇ ಬರಬೇಕು, ಮನುಷ್ಯ ಅದನ್ನು ತಳ್ಳಿಹಾಕಬಲ್ಲ ಅಷ್ಟೇ ಎಂದ. ಅವನನ್ನು ಪೆಲಾಜಿಯಸ್ ಜೊತೆ ಕಟ್ಟಿಹಾಕುವುದು ಸರಿಯಲ್ಲ.

ಡಾರ್ಟ್ ಸಿನೊಡ್ ಅಂತ ಕೇಳಿದ್ದೇವೆ. ಅಲ್ಲಿ ನಿಜವಾಗಿ ಏನಾಯಿತು?

ಅರ್ಮಿನಿಯಸ್ 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಕಡೆಯವರು ಐದು ಅಂಶಗಳ ಒಂದು ಮನವಿ ಬರೆದು ಸರ್ಕಾರಕ್ಕೆ ಕೊಟ್ಟರು. ಜಗಳ ಚರ್ಚಿನಿಂದ ಬೀದಿಗೆ, ಬೀದಿಯಿಂದ ರಾಜಕೀಯಕ್ಕೆ ಹೋಯಿತು. ಸ್ಪೇನ್ ವಿರುದ್ಧದ ಯುದ್ಧವನ್ನು 12 ವರ್ಷ ನಿಲ್ಲಿಸಿದ್ದ ಕಾಲ ಅದು. ಹಾಲೆಂಡಿನ ಹಿರಿಯ ರಾಜನೀತಿಜ್ಞ ಓಲ್ಡನ್‌ಬಾರ್ನೆವೆಲ್ಟ್ ಅರ್ಮಿನಿಯಸ್ ಕಡೆಯವರಿಗೆ ಆಸರೆಯಾಗಿದ್ದ. ಆಯ್ಕೆ ಪೂರ್ತಿ ದೇವರ ಇಷ್ಟ ಎನ್ನುವ ಎದುರು ಪಕ್ಷವನ್ನು ಸೇನಾಪತಿ ರಾಜಕುಮಾರ ಮೌರಿಟ್ಸ್ ಸೇರಿದ.

1618ರ ನವೆಂಬರಿನಲ್ಲಿ ಡಾರ್ಡ್ರೆಕ್ಟ್ (ಡಾರ್ಟ್) ಊರಿನಲ್ಲಿ ಸಿನೊಡ್, ಅಂದರೆ ಚರ್ಚಿನ ಮುಖಂಡರ ಸಮ್ಮೇಳನ, ಸೇರಿತು. ಇಂಗ್ಲೆಂಡ್, ಜರ್ಮನ್ ಸೀಮೆಗಳು, ಜಿನೀವಾ, ಸ್ವಿಸ್ ಪಟ್ಟಣಗಳಿಂದ ಪ್ರತಿನಿಧಿಗಳು ಬಂದರು. ಫ್ರಾನ್ಸಿನವರಿಗೆ ಹೋಗಲು ಅವರ ರಾಜ ಬಿಡಲಿಲ್ಲ. ಎಪಿಸ್ಕೋಪಿಯಸ್ ಮುಂದಾಳಾಗಿ ಬಂದ ಅರ್ಮಿನಿಯಸ್ ಕಡೆಯವರನ್ನು ಸಮಾನ ಸದಸ್ಯರಾಗಿ ಅಲ್ಲ, ವಿಚಾರಣೆಗೆ ಕರೆಸಿದವರಂತೆ ಕೂರಿಸಿದರು. ಯಾವ ಕ್ರಮದಲ್ಲಿ ಮಾತಾಡಬೇಕು ಎಂಬುದರ ಮೇಲೇ ವಾರಗಟ್ಟಲೆ ಎಳೆದಾಟವಾಯಿತು. ಜನವರಿಯಲ್ಲಿ ಅಧ್ಯಕ್ಷ ಬೋಗರ್‌ಮನ್ ಸಿಟ್ಟಿನಿಂದ ಅವರನ್ನು ಹೊರಗೆ ಕಳಿಸಿದ. ಆಮೇಲೆ ಅವರ ಬರಹಗಳನ್ನು ಇಟ್ಟುಕೊಂಡು ಅವರ ವಿರುದ್ಧ ತೀರ್ಪು ಬರೆದರು. 1619ರ ಮೇ 13ರಂದು, ಸಿನೊಡ್ ಮುಗಿಯುತ್ತಿದ್ದ ದಿನಗಳಲ್ಲೇ, 71 ವರ್ಷದ ಓಲ್ಡನ್‌ಬಾರ್ನೆವೆಲ್ಟ್‌ನ ತಲೆಯನ್ನು ಹೇಗ್ ಪಟ್ಟಣದಲ್ಲಿ ಕಡಿದರು. ಅದೇ ಕಡೆಯ ಕಾನೂನು ಪಂಡಿತ ಹ್ಯೂಗೊ ಗ್ರೋಶಿಯಸ್‌ಗೆ ಜೀವಾವಧಿ ಸೆರೆಯಾಯಿತು. 1621ರಲ್ಲಿ ಅವನ ಹೆಂಡತಿ ಅವನನ್ನು ಪುಸ್ತಕದ ಪೆಟ್ಟಿಗೆಯಲ್ಲಿ ಅಡಗಿಸಿ ಕೋಟೆಯಿಂದ ಹೊರಗೆ ಸಾಗಿಸಿದಳು. ಸುಮಾರು 200 ಪಾದ್ರಿಗಳು ಕೆಲಸ ಕಳೆದುಕೊಂಡರು.

ಡಾರ್ಟ್‌ನ ಬರಹವನ್ನು ಓದದೆಯೇ ಬೈಯುವವರು ಜಾಸ್ತಿ. ಅದರಲ್ಲಿ ಕ್ರಿಸ್ತನ ಮರಣ ಇಡೀ ಲೋಕದ ಪಾಪಕ್ಕೆ ಸಾಕಾಗಿ ಮಿಗುವಷ್ಟಿದೆ ಎಂದಿದೆ. ಆಯ್ಕೆಯು ನಂಬಿಕೆಗೆ ಕಾರಣವಾದಂತೆಯೇ ತಿರಸ್ಕಾರವು ಅಪನಂಬಿಕೆಗೆ ಕಾರಣ ಎಂಬ ಮಾತನ್ನು ಅವರೇ ಬಲವಾಗಿ ಅಲ್ಲಗಳೆದಿದ್ದಾರೆ. ಬರಹ ಅಷ್ಟು ಕ್ರೂರವಲ್ಲ. ಆದರೆ ದೇವರ ನ್ಯಾಯವನ್ನು ಎತ್ತಿಹಿಡಿಯಲು ಕೂತವರು ಎದುರಿನವರಿಗೆ ನ್ಯಾಯವಾಗಿ ಮಾತಾಡಲು ಬಿಡಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ದೇವರು ಕೆಲವರನ್ನು ನರಕಕ್ಕೆಂದೇ ಹುಟ್ಟಿಸಿದ್ದಾನೆಯೇ?

ಇಲ್ಲ ಎಂದೇ ಸಭೆಯ ಬಹುಪಾಲು ಹೇಳಿದೆ. 529ರಲ್ಲಿ ಫ್ರಾನ್ಸಿನ ಆರೆಂಜ್ ಊರಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಆಗಸ್ಟೀನನ ಕೃಪೆಯ ಮಾತನ್ನು ಒಪ್ಪಿತು, ಆದರೆ ದೇವರು ಯಾರನ್ನಾದರೂ ಕೆಟ್ಟದ್ದಕ್ಕೆ ನೇಮಿಸಿದ್ದಾನೆ ಎನ್ನುವವರನ್ನು ಶಪಿಸಿತು. 9ನೇ ಶತಮಾನದಲ್ಲಿ ಗಾಟ್‌ಶಾಲ್ಕ್ ಎಂಬ ಸನ್ಯಾಸಿ ಒಳ್ಳೆಯವರಿಗೆ ಜೀವ, ಕೆಟ್ಟವರಿಗೆ ಮರಣ, ಎರಡೂ ಮೊದಲೇ ನೇಮಕ ಎಂದ. 849ರಲ್ಲಿ ಅವನನ್ನು ಚಾಟಿಯಿಂದ ಹೊಡೆದು, ತನ್ನ ಬರಹವನ್ನು ತಾನೇ ಬೆಂಕಿಗೆ ಹಾಕುವಂತೆ ಮಾಡಿ, ಸಾಯುವವರೆಗೂ ಒಂದು ಮಠದಲ್ಲಿ ಕೂಡಿಹಾಕಿದರು. ಅವನ ಮಾತು ನನಗೆ ಒಪ್ಪಿಗೆಯಿಲ್ಲ. ಅವನಿಗೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ಈ ಎರಡು ನೇಮಕದ ಮಾತನ್ನು ಸ್ಪಷ್ಟವಾಗಿ ಬರೆದವನು ಜಿನೀವಾದ ಸಭಾ ಸುಧಾರಕ ಜಾನ್ ಕ್ಯಾಲ್ವಿನ್. ಕೆಲವರಿಗೆ ನಿತ್ಯಜೀವ, ಕೆಲವರಿಗೆ ನಿತ್ಯ ಶಿಕ್ಷೆ ಮೊದಲೇ ಗೊತ್ತುಮಾಡಿದೆ ಎಂದ. ಈ ತೀರ್ಮಾನ ಎದೆ ನಡುಗಿಸುವಂಥದ್ದು ಎಂದೂ ಅವನೇ ಒಪ್ಪಿಕೊಂಡ. ಲೂಥರನ್ ಸಭೆಗಳು 1577ರಲ್ಲಿ ಬೇರೆ ದಾರಿ ಹಿಡಿದವು: ರಕ್ಷಣೆಗೆ ಆಯ್ಕೆ ಉಂಟು, ನಾಶಕ್ಕೆ ಆಯ್ಕೆ ಇಲ್ಲ. ಆರ್ಥೊಡಾಕ್ಸ್ ಸಭೆಗಳು 1672ರಲ್ಲಿ ಯೆರೂಸಲೇಮಿನಲ್ಲಿ ಸೇರಿ ಕ್ಯಾಲ್ವಿನನ ಬೋಧನೆಯನ್ನು ತಳ್ಳಿಹಾಕಿದವು. ದೇವರು ಯಾರನ್ನೂ ನರಕಕ್ಕೆ ನೇಮಿಸುವುದಿಲ್ಲ ಎಂಬುದು ಕಥೋಲಿಕ ಸಭೆಯ ಬೋಧನೆ.

ನನಗೆ ಜಾಸ್ತಿ ಬೆಳಕು ಕೊಟ್ಟವನು ಸ್ವಿಟ್ಜರ್ಲೆಂಡಿನ ಕಾರ್ಲ್ ಬಾರ್ತ್. ಅವನೂ ಕ್ಯಾಲ್ವಿನನ ಪರಂಪರೆಯವನೇ. 1942ರಲ್ಲಿ ಅವನು ಪ್ರಶ್ನೆಯನ್ನೇ ತಿರುಗಿಸಿದ. ದೇವರ ಗುಟ್ಟಿನ ಪುಸ್ತಕದಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ ಎಂದು ಹುಡುಕಬೇಡಿ. ಆರಿಸುವ ದೇವರೂ ಕ್ರಿಸ್ತನೇ, ಆರಿಸಲಾದ ಮನುಷ್ಯನೂ ಕ್ರಿಸ್ತನೇ. ತಿರಸ್ಕಾರ ಅಂತ ಏನಿದೆಯೋ ಅದನ್ನು ಶಿಲುಬೆಯ ಮೇಲೆ ದೇವರೇ ಹೊತ್ತುಕೊಂಡ. ಹಾಗಾದರೆ ಎಲ್ಲರೂ ರಕ್ಷಣೆ ಹೊಂದುತ್ತಾರೋ ಎಂದು ಕೇಳಿದರೆ ಬಾರ್ತ್ ಹೌದು ಎಂದು ಹೇಳಲಿಲ್ಲ. ಹಾಗೆ ಆಶಿಸಬಾರದು ಎಂದೂ ಹೇಳಲಿಲ್ಲ. ನಾನೂ ಅಲ್ಲೇ ನಿಲ್ಲುತ್ತೇನೆ.

ಇದು ನಮ್ಮ ಹಣೆಬರಹದ ಮಾತಿನ ಹಾಗೇ ಅಲ್ವಾ? ಮಧ್ವರೂ ಇಂಥದ್ದೇ ಹೇಳಿದ್ದಾರಲ್ಲ?

ಹಣೆಬರಹ ಬರೆಯುವವನು ಬರೆದು ಎದ್ದುಹೋಗುತ್ತಾನೆ. ಬೈಬಲಿನ ದೇವರು ಆರಿಸಿಕೊಂಡ ಮೇಲೆ ಹಿಂದೆಯೇ ಬರುತ್ತಾನೆ, ಕರೆಯುತ್ತಾನೆ, ಸಿಟ್ಟಾಗುತ್ತಾನೆ, ನಿನೆವೆಯ ಜನ ತಿರುಗಿಕೊಂಡಾಗ ತನ್ನ ಮಾತನ್ನೂ ಬದಲಿಸುತ್ತಾನೆ. ವ್ಯತ್ಯಾಸ ದೊಡ್ಡದು.

ಮಧ್ವಾಚಾರ್ಯರ ಹೋಲಿಕೆ ಸುಮ್ನೆ ಹೇಳುವ ಮಾತಲ್ಲ. ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಆಚಾರ್ಯರು ಜೀವರಲ್ಲಿ ಮೂರು ಬಗೆ ಹೇಳಿದರು: ಮುಕ್ತಿಗೆ ಯೋಗ್ಯರು, ನಿತ್ಯ ಸಂಸಾರಿಗಳು, ತಮಸ್ಸಿಗೆ ಯೋಗ್ಯರು. ಕೊನೆಯವರಿಗೆ ಬಿಡುಗಡೆ ಇಲ್ಲ. ಮೇಲುನೋಟಕ್ಕೆ ಕ್ಯಾಲ್ವಿನನ ಮಾತಿನಂತೆಯೇ ಇದೆ. ಒಳಗೆ ನೋಡಿದರೆ ದಾರಿ ಬೇರೆ. ಮಧ್ವಮತದಲ್ಲಿ ಜೀವದ ಸ್ವಭಾವ ಅನಾದಿ. ಅದು ಬೇರೆಬೇರೆ ಇರುವುದರಿಂದಲೇ ಫಲ ಬೇರೆಬೇರೆ, ಹಾಗಾಗಿ ದೇವರಿಗೆ ಪಕ್ಷಪಾತದ ದೋಷ ತಟ್ಟುವುದಿಲ್ಲ. ಕ್ಯಾಲ್ವಿನನಲ್ಲಿ ಮನುಷ್ಯರೆಲ್ಲ ಒಂದೇ ಸ್ವಭಾವದವರು, ಒಂದೇ ರೀತಿ ಬಿದ್ದವರು. ವ್ಯತ್ಯಾಸ ಬರುವುದು ದೇವರ ಇಷ್ಟದಿಂದ ಮಾತ್ರ. ಮನುಷ್ಯರಲ್ಲಿ ಮೇಲುಕೀಳಿಲ್ಲ ಎಂಬುದು ಇದರ ಬಲ. ಪೂರ್ತಿ ಭಾರ ದೇವರ ಮೇಲೆ ಬೀಳುವುದು ಇದರ ಕಷ್ಟ.

ಎಲ್ಲ ಮೊದಲೇ ಗೊತ್ತಾಗಿದ್ದರೆ ಸುವಾರ್ತೆ ಯಾಕೆ, ಪ್ರಾರ್ಥನೆ ಯಾಕೆ?

ಇತಿಹಾಸ ನೋಡಿದರೆ ಆಯ್ಕೆಯನ್ನು ನಂಬಿದವರು ಕೈಕಟ್ಟಿ ಕೂತವರಲ್ಲ. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಕ್ಯಾಲ್ವಿನನ ಬೋಧನೆಯನ್ನು ಒಪ್ಪಿದ ಬ್ಯಾಪ್ಟಿಸ್ಟ್. 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲಿನ ಅನುವಾದಕ್ಕೆ ಕೂತ ಜಾನ್ ಹ್ಯಾಂಡ್ಸ್ ಇದ್ದ ಲಂಡನ್ ಮಿಷನ್ನಿನ ಬೇರು ಕೂಡ ಹೆಚ್ಚಾಗಿ ಅದೇ ಪರಂಪರೆಯದು. ದೇವರು ಗುರಿಯನ್ನಷ್ಟೇ ಅಲ್ಲ, ದಾರಿಯನ್ನೂ ನೇಮಿಸುತ್ತಾನೆ ಎಂಬುದು ಅವರ ಉತ್ತರ. ಕೊರಿಂಥದಲ್ಲಿ ಪೌಲ ಹೆದರಿದಾಗ, ಈ ಪಟ್ಟಣದಲ್ಲಿ ನನಗೆ ಬಹಳ ಜನರಿದ್ದಾರೆ ಎಂಬ ಮಾತು ಅವನಿಗೆ ಬಂತು. ಅವನು ಅಲ್ಲೇ ಒಂದೂವರೆ ವರ್ಷ ನಿಂತು ಕೆಲಸ ಮಾಡಿದ.

ಯೇಸುವಿನ ಹೆಸರೇ ಕೇಳದೆ ತೀರಿಕೊಂಡ ನಮ್ಮ ಅಜ್ಜ ಅಜ್ಜಿಯ ಗತಿ ಏನು? ದೀಕ್ಷಾಸ್ನಾನಕ್ಕೆ ಮೊದಲೇ ಹೋದ ಕೂಸು?

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೂಟ ಮುಗಿದು ಎಲ್ಲರೂ ಹೊರಟ ಮೇಲೆ, ಚಪ್ಪಲಿ ಹಾಕಿಕೊಳ್ಳುತ್ತಾ, ಮೆಲ್ಲಗೆ ಕೇಳುತ್ತಾರೆ. ಅಂಥವರ ಮುಂದೆ ಸಿದ್ಧಾಂತ ಬಿಚ್ಚಬಾರದು.

ಸರ್ವಲೋಕದ ನ್ಯಾಯಾಧಿಪತಿ ನ್ಯಾಯವನ್ನೇ ನಡೆಸುವನಲ್ಲವೇ ಎಂದು ಅಬ್ರಹಾಮ ಸೊದೋಮಿನ ಪರವಾಗಿ ದೇವರನ್ನೇ ಕೇಳಿದ. ದೇವರು ಅವನನ್ನು ಗದರಲಿಲ್ಲ, 50ರಿಂದ 10ಕ್ಕೆ ಇಳಿದ. ರೋಮ್ ಸೇನೆಯ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ಪೇತ್ರನಿಗೆ ಅರ್ಥವಾದದ್ದು ಇಷ್ಟು: ಯಾವ ಜನಾಂಗದವರೇ ಆಗಲಿ, ದೇವರಿಗೆ ಭಯಪಟ್ಟು ನೀತಿಯಿಂದ ನಡೆಯುವವರು ಆತನಿಗೆ ಮೆಚ್ಚಿಕೆಯಾದವರು. ತಮ್ಮ ತಪ್ಪಿಲ್ಲದೆ ಸುವಾರ್ತೆ ಕೇಳದವರಿಗೂ ರಕ್ಷಣೆ ಸಾಧ್ಯ ಎಂದು ಕಥೋಲಿಕ ಬಿಷಪ್‌ಗಳ ಎರಡನೇ ವ್ಯಾಟಿಕನ್ ಸಭೆ 1964ರಲ್ಲಿ ಹೇಳಿತು. ಪ್ರಾಟೆಸ್ಟೆಂಟರಲ್ಲಿ ಇದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನಾನು ಒಪ್ಪುತ್ತೇನೆ.

ಕೂಸುಗಳ ವಿಷಯದಲ್ಲಿ ಡಾರ್ಟ್‌ನವರೂ ಮೃದುವಾದರು. ಚಿಕ್ಕ ವಯಸ್ಸಿನಲ್ಲೇ ಹೋದ ಮಕ್ಕಳ ಆಯ್ಕೆಯ ಬಗ್ಗೆ ಭಕ್ತ ತಂದೆತಾಯಿ ಸಂಶಯಪಡಬಾರದು ಎಂದು ಬರೆದರು. ದೀಕ್ಷಾಸ್ನಾನವಿಲ್ಲದೆ ಹೋದ ಮಕ್ಕಳಿಗಾಗಿ ಭರವಸೆ ಇಡಲು ಗಟ್ಟಿ ಕಾರಣಗಳಿವೆ ಎಂದು ಕಥೋಲಿಕ ಸಭೆಯ ದೇವಶಾಸ್ತ್ರ ಆಯೋಗ 2007ರಲ್ಲಿ ಹೇಳಿತು. ಮಕ್ಕಳನ್ನು ಎತ್ತಿಕೊಂಡು, ಪರಲೋಕ ರಾಜ್ಯ ಇಂಥವರದ್ದೇ ಎಂದವನ ಕೈಯಲ್ಲಿ ನಿಮ್ಮ ಕೂಸು ಇದೆ. ನಾನು ಆ ತಾಯಂದಿರಿಗೆ ಹೇಳುವುದು ಇಷ್ಟೇ, ಇದನ್ನು ನಂಬಿಯೇ ಹೇಳುತ್ತೇನೆ.

ನಾನು ಆರಿಸಲ್ಪಟ್ಟವನೋ ಅಲ್ಲವೋ ಎಂದು ಹೇಗೆ ತಿಳಿಯುವುದು?

ಈ ಚಿಂತೆ ಮನುಷ್ಯನನ್ನು ಹಿಂಡಿಬಿಡುತ್ತದೆ. 17ನೇ ಶತಮಾನದ ಇಂಗ್ಲೆಂಡಿನ ಜಾನ್ ಬನ್ಯನ್ ತಾನು ಅನುಭವಿಸಿದ್ದನ್ನು ಸೆರೆಮನೆಯಲ್ಲಿದ್ದಾಗ ಬರೆದಿದ್ದಾನೆ. ನೀನು ಆರಿಸಲ್ಪಟ್ಟವನು ಅಂತ ಹೇಗೆ ಗೊತ್ತು, ಅಲ್ಲದಿದ್ದರೆ ಏನು ಗತಿ ಎಂಬ ಮಾತು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ದಿನ ಇನ್ನೊಂದು ಮಾತು ಮನಸ್ಸಿಗೆ ಬಂತು: ಹಿಂದಿನ ತಲೆಮಾರುಗಳನ್ನು ನೋಡು, ದೇವರನ್ನು ನಂಬಿ ಕೆಟ್ಟವರು ಯಾರಾದರೂ ಇದ್ದಾರೆಯೇ? ಅದು ಬೈಬಲಿನಲ್ಲಿ ಎಲ್ಲಿದೆ ಎಂದು ಹುಡುಕಿದ. ಸಿಗಲಿಲ್ಲ. ಬಲ್ಲವರನ್ನು ಕೇಳಿದ. ಅವರಿಗೂ ತಿಳಿಯಲಿಲ್ಲ. ವರ್ಷಕ್ಕಿಂತ ಜಾಸ್ತಿ ಹುಡುಕಿದ ಮೇಲೆ ಕೊನೆಗೆ ಸಿಕ್ಕಿದ್ದು ಸಿರಾಖನ ಗ್ರಂಥದಲ್ಲಿ. ಪ್ರಾಟೆಸ್ಟೆಂಟರು ಪವಿತ್ರಗ್ರಂಥದ ಸಾಲಿಗೆ ಸೇರಿಸದ ಪುಸ್ತಕ ಅದು. ಮೊದಲು ಅವನಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಆ ಮಾತು ಬೈಬಲಿನ ಎಷ್ಟೋ ವಾಗ್ದಾನಗಳ ಸಾರವೇ ಆಗಿದೆ ಎಂದು ಕಂಡು ಸಮಾಧಾನಪಟ್ಟ.

ನಿನ್ನ ಆಯ್ಕೆಯನ್ನು ನಿನ್ನೊಳಗೆ ಹುಡುಕಬೇಡ, ಕ್ರಿಸ್ತನೇ ಅದರ ಕನ್ನಡಿ ಎಂದು ಕ್ಯಾಲ್ವಿನನೇ ಹೇಳಿದ್ದಾನೆ. ನನ್ನ ಬಳಿಗೆ ಬರುವವನನ್ನು ಎಂದಿಗೂ ತಳ್ಳಿಬಿಡುವುದಿಲ್ಲ ಎಂಬ ಯೋಹಾನ 6ರ ಮಾತಿಗೆ ಯಾವ ಷರತ್ತೂ ಇಲ್ಲ. ಈ ಚಿಂತೆ ನಿದ್ದೆ ಊಟ ಕೆಡಿಸುವಷ್ಟು ಬೆಳೆದಿದ್ದರೆ ಪಾಸ್ಟರ್ ಜೊತೆ ಮಾತಾಡಿ, ವೈದ್ಯರನ್ನೂ ನೋಡಿ. ಎರಡನ್ನೂ ಮಾಡುವುದು ನಂಬಿಕೆಗೆ ವಿರುದ್ಧವಲ್ಲ.

ಈ ಬೋಧನೆಯನ್ನು ಹಿಡಿದು ಜನರನ್ನು ತುಳಿದದ್ದೂ ಉಂಟಲ್ಲ?

ಉಂಟು. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಡಚ್ ರಿಫಾರ್ಮ್ಡ್ ಸಭೆ 1857ರಲ್ಲಿ, ಕೆಲವರ ಬಲಹೀನತೆಯ ಕಾರಣ ಎಂದು ಹೇಳಿ, ಬೇರೆ ಬಣ್ಣದವರಿಗೆ ಬೇರೆ ಆರಾಧನೆ ನಡೆಸಲು ಒಪ್ಪಿಗೆ ಕೊಟ್ಟಿತು. ಕರ್ತನ ಮೇಜನ್ನು ಎರಡು ಮಾಡಿದರು. ಆಮೇಲೆ ಸಭೆಗಳೇ ಬೇರೆಯಾದವು. ನಾವು ದೇವರು ಆರಿಸಿಕೊಂಡ ಜನ ಎಂಬ ನಂಬಿಕೆ ಬಿಳಿಯ ಆಫ್ರಿಕಾನರ್‌ಗಳಲ್ಲಿ ಬೇರೂರಿತು. ವರ್ಣಭೇದದ ಆಡಳಿತಕ್ಕೆ ಅದು ಒಂದು ಆಧಾರವಾಯಿತು.

ಅದಕ್ಕೆ ಉತ್ತರ ಬಂದದ್ದೂ ಅದೇ ಪರಂಪರೆಯೊಳಗಿಂದ, ಹೊರಗೆ ತಳ್ಳಲಾದವರಿಂದ. ಕೇಪ್ ಟೌನ್ ಹತ್ತಿರದ ಬೆಲ್‌ಹಾರ್‌ನಲ್ಲಿ ಬಿಳಿಯರಲ್ಲದವರ ಸಭೆ 1982ರಲ್ಲಿ ಒಂದು ವಿಶ್ವಾಸ ಪ್ರಮಾಣದ ಕರಡು ಬರೆಯಿತು, 1986ರಲ್ಲಿ ಅದನ್ನು ಅಂಗೀಕರಿಸಿತು. ಅನ್ಯಾಯ ತುಂಬಿದ ಲೋಕದಲ್ಲಿ ದೇವರು ದಿಕ್ಕಿಲ್ಲದವರಿಗೆ, ಬಡವರಿಗೆ, ಅನ್ಯಾಯ ಅನುಭವಿಸಿದವರಿಗೆ ವಿಶೇಷವಾಗಿ ದೇವರಾಗಿದ್ದಾನೆ, ಸಭೆಯೂ ಅಲ್ಲೇ ನಿಲ್ಲಬೇಕು ಎನ್ನುತ್ತದೆ ಅದು. ಆಯ್ಕೆ ಮತ್ತು ನ್ಯಾಯ ಎರಡೂ ಇಲ್ಲಿ ಒಂದೇ ಮಾತಾಗಿವೆ. ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮನ್ನು ಮಾತ್ರ ಆರಿಸಿಕೊಂಡೆ, ಆದ್ದರಿಂದಲೇ ನಿಮ್ಮ ಅಪರಾಧಗಳಿಗೆ ನಿಮ್ಮನ್ನು ದಂಡಿಸುವೆನು ಎಂದು ಆಮೋಸ 3ರಲ್ಲಿ ದೇವರು ಹೇಳಿದ್ದಾನೆ. ಜಾತಿ ನೋಡಿ ಬೆಂಚು ಹಂಚಿಕೊಂಡ ನಮ್ಮ ನಾಡಿನ ಸಭೆಗಳೂ ಈ ವಾಕ್ಯವನ್ನು ಗಟ್ಟಿಯಾಗಿ ಓದಬೇಕು.

ಸಭೆ ಬಂದ ಮೇಲೆ ದೇವರು ಯೆಹೂದ್ಯರನ್ನು ಕೈಬಿಟ್ಟನೇ?

ಇಲ್ಲ. ದೇವರ ವರಗಳೂ ಕರೆಯೂ ಹಿಂತೆಗೆಯುವಂಥವಲ್ಲ ಎಂದು ರೋಮಾಪುರದವರಿಗೆ 11ರಲ್ಲಿದೆ. ಅನ್ಯಜನರಾದ ನಾವು ಎಣ್ಣೆಮರಕ್ಕೆ ಕಸಿ ಕಟ್ಟಿದ ಕಾಡುಕೊಂಬೆಗಳು, ಬೇರನ್ನು ಹೊತ್ತಿರುವುದು ನಾವಲ್ಲ. ಕ್ರೈಸ್ತರು ಇದನ್ನು ಮರೆತು ಯೆಹೂದ್ಯರನ್ನು ಶತಮಾನಗಳ ಕಾಲ ಹಿಂಸಿಸಿದರು. 1965ರಲ್ಲಿ ವ್ಯಾಟಿಕನ್ ಸಭೆ ಈ ಅಧ್ಯಾಯಕ್ಕೇ ಮರಳಿತು.

ಈ ವಿಷಯದಲ್ಲಿ ಒಮ್ಮತ ಇಲ್ಲದವರು ಒಂದೇ ಸಭೆಯಲ್ಲಿ ಇರಬಹುದೇ?

ಇಂಗ್ಲೆಂಡಿನ ಪ್ರಸಂಗಿ ಜಾನ್ ವೆಸ್ಲಿ 1739ರಲ್ಲಿ ಬ್ರಿಸ್ಟಲ್‌ನಲ್ಲಿ ಆಯ್ಕೆಯ ಬೋಧನೆಯ ವಿರುದ್ಧ ಕಟುವಾಗಿ ಪ್ರಸಂಗ ಮಾಡಿದ, ಅದನ್ನು ಅಚ್ಚು ಹಾಕಿಸಿದ. ಅವನ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಅಷ್ಟೇ ಕಟುವಾಗಿ ಉತ್ತರ ಬರೆದ. ಇಬ್ಬರ ದಾರಿ ಬೇರೆಯಾಯಿತು. ಆದರೆ ಗೆಳೆತನ ಮತ್ತೆ ಕೂಡಿತು. ವೈಟ್‌ಫೀಲ್ಡ್ 1770ರಲ್ಲಿ ಅಮೆರಿಕದಲ್ಲಿ ತೀರಿಕೊಂಡಾಗ ಲಂಡನ್ನಿನಲ್ಲಿ ಅವನ ನೆನಪಿನ ಪ್ರಸಂಗ ಮಾಡಿದವನು ವೆಸ್ಲಿ.

1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ವೆಸ್ಲಿಯ ಮೆಥಡಿಸ್ಟರು, ಕ್ಯಾಲ್ವಿನನ ಪರಂಪರೆಯ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಜನ, ಆಂಗ್ಲಿಕನ್ನರು ಒಂದೇ ಸಭೆಯಾದರು. ಈ ಪ್ರಶ್ನೆ ಬಗೆಹರಿದ ಮೇಲೆ ಸೇರೋಣ ಎಂದು ಯಾರೂ ಕಾಯಲಿಲ್ಲ. ಕರ್ನಾಟಕದ ಸಿ.ಎಸ್.ಐ. ಸಭೆಯೊಂದರಲ್ಲಿ ಕರ್ತನ ಭೋಜನಕ್ಕೆ ಮೊಣಕಾಲೂರುವ ಸಾಲಿನಲ್ಲಿ ಎರಡೂ ಕಡೆಯವರ ಮೊಮ್ಮಕ್ಕಳಿದ್ದಾರೆ.

ನಾನೇ ಓದಿ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಆದಿಕಾಂಡ 12 ಮತ್ತು 18, ಆಮೇಲೆ 25ರಿಂದ 33ರವರೆಗೆ. ನಂತರ ವಿಮೋಚನಕಾಂಡ 4ರಿಂದ 14. ಮತ್ತಾಯ 20ರಲ್ಲಿ ದ್ರಾಕ್ಷೇತೋಟದ ಕೂಲಿಯವರ ಸಾಮ್ಯ ಬರುತ್ತದೆ. ಸಂಜೆ ಬಂದವನಿಗೂ ಪೂರ್ತಿ ಕೂಲಿ ಸಿಕ್ಕಿದ್ದಕ್ಕೆ ಬೆಳಿಗ್ಗೆ ಬಂದವನು ಸಿಟ್ಟಾಗುವ ಕಥೆ. ನಿಮ್ಮನ್ನು ಯಾರ ಜಾಗದಲ್ಲಿ ಇಟ್ಟುಕೊಂಡು ಓದುತ್ತಿದ್ದೀರಿ ಎಂದು ಅಲ್ಲಿ ಸ್ವಲ್ಪ ನಿಂತು ಯೋಚಿಸಿ. ಇಷ್ಟಾದ ಮೇಲೆ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಮೊದಲಿನಿಂದ ಓದಿ, 9ರಿಂದ 11ರವರೆಗೆ ಮಾತ್ರ ಒಂದೇ ಕೂರಿಕೆಯಲ್ಲಿ ಮುಗಿಸಿ. ಒಬ್ಬರೇ ಓದುವುದಕ್ಕಿಂತ ಇಬ್ಬರು ಮೂವರು ಸೇರಿ ಗಟ್ಟಿಯಾಗಿ ಓದುವುದು ಒಳ್ಳೆಯದು. ನಿಮ್ಮ ಅಭಿಪ್ರಾಯ ಒಪ್ಪದ ಒಬ್ಬರನ್ನಾದರೂ ಜೊತೆಗೆ ಕರೆದುಕೊಳ್ಳಿ.